ಒಂದೇ ಕಿಡ್ನಿಯ ಕಾಕಾ ಉಸಿರು ಹಿಡಿದದ್ದು

ಸಿಟಿ ಸ್ಕ್ಯಾನ್ ಯಂತ್ರದೊಳಗೆ ಮಲಗಿ ಜೋರಾಗಿ ‘ಓಂ ನಮಃ ಶಿವಾಯ’ ಅಂದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸ್ವಂತ ಕಾಕಾ, ಅಪ್ಪನ ತಮ್ಮ. ನಮ್ಮೂರು ತಂಬೂರಿನ ಸೋಮವಾರದ ಭಜನೆಗೆ ಮೊದಲ ದನಿ ಎತ್ತುವವರು. ಭಯವಾದರೂ ಮಂತ್ರ, ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದರೂ ಮಂತ್ರ.

ಶುರುವಾದದ್ದು ಮೂತ್ರದಲ್ಲಿ ರಕ್ತ ಕಂಡಾಗ. ಹರಳಿರಬೇಕು ಎಂದು ತಾವೇ ತೀರ್ಮಾನಿಸಿ, ಯಾರಿಗೂ ಹೇಳದೆ ಹದಿನೈದು ದಿನ ಹುರಳಿ ಕಟ್ಟು ಕುಡಿದರು. ನೋವು ಇರಲೇ ಇಲ್ಲ. ನೋವಿಲ್ಲ ಅಂದಮೇಲೆ ಕಟ್ಟು ಕೆಲಸ ಮಾಡುತ್ತಿದೆ ಅಂತ ಖುಷಿಪಟ್ಟರಂತೆ, ಪುಣ್ಯಾತ್ಮ! ನೋವಿಲ್ಲದ ರಕ್ತವೇ ಹೆಚ್ಚು ಹೆದರಬೇಕಾದದ್ದು ಅಂತ ನಮಗೆ ತಿಳಿದದ್ದು ಆಮೇಲೆ.

ಕಂಡುಹಿಡಿದದ್ದು ಅವರ ಹೆಂಡತಿ, ನನ್ನ ಚಿಗವ್ವ. ಅವಳ ಎದೆ ಧಸಕ್ಕೆನ್ನಲು ಕಾರಣವಿತ್ತು. ಹಿಂದೆ ಅವಳ ಎರಡೂ ಕಿಡ್ನಿ ಕೈಕೊಟ್ಟಾಗ ಕಾಕಾ ತಮ್ಮದೊಂದನ್ನು ಅವಳಿಗೆ ಕೊಟ್ಟಿದ್ದರು. ಅವರಿಗೆ ಉಳಿದದ್ದು ಒಂದೇ. ಅದೂ ಹೋದರೆ ಜೀವನಪೂರ್ತಿ ಡಯಾಲಿಸಿಸ್.

ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ನರಕ್ಕೆ ಔಷಧಿ ಚುಚ್ಚಿ, ಅದು ಕಿಡ್ನಿಯಿಂದ ಮೂತ್ರದ ನಾಳಕ್ಕೆ ಇಳಿಯುವವರೆಗೆ ಕಾದು, ಆಮೇಲೆ ಚಿತ್ರ ತೆಗೆಯುವ ಸ್ಕ್ಯಾನ್ ಅದು. ಗಾಜಿನ ಈಚೆ ನಾನು ಮತ್ತು ಚಿಗವ್ವ. ಟೆಕ್ನಿಷಿಯನ್ ಮೈಕಿನಲ್ಲಿ, “ಅಜ್ಜಾರ, ಉಸರು ಹಿಡೀರಿ, ಅಳಗ್ಯಾಡಬ್ಯಾಡ್ರಿ,” ಅಂದ.

ಒಳಗಿನಿಂದ ಭಜನೆಯ ದನಿಯಲ್ಲೇ ಮಂತ್ರ ಬಂತು. ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು.

“ಚಿತ್ರ ಎಲ್ಲಾ ಅಳ್ಳಾಡೇತ್ರಿ. ಔಷಧಿ ಇನ್ನೂ ಒಳಗದ, ಈಗ ಮತ್ತ ತಗೀತೀನಿ. ಸುಮ್ಮನಿರಾಕ ಹೇಳ್ರಿ ಅವರಿಗೆ,” ಎಂದು ಟೆಕ್ನಿಷಿಯನ್ ನಮ್ಮತ್ತ ತಿರುಗಿದ.

ಚಿಗವ್ವ ಮೈಕಿಗೇ ಬಾಯಿ ಹಾಕಿದಳು. “ಏನ್ರೀ, ಶಿವಗ ಕಿವಿ ಚಲೋ ಅದಾವು. ಮನಸಿನ್ಯಾಗ ಅನ್ರಿ!”

ಎರಡನೇ ಸಲ ಕಾಕಾ ಬಾಯಿ ಬಿಡಲಿಲ್ಲ.

ವರದಿ ಬಂತು: ಕಿಡ್ನಿಯಲ್ಲಿ ಮೂತ್ರ ಕೂಡುವ ಜಾಗದಲ್ಲಿ ಒಂದು ಕಲೆ, ಕ್ಯಾನ್ಸರ್ ಇರಬಹುದು. ನಾನು ಒಪ್ಪುತ್ತೇನಾ? ನೇರ ಮೂತ್ರರೋಗದ ಡಾಕ್ಟರ ಮುಂದೆ ಕೂತು ಹೇಳಿಯೇಬಿಟ್ಟೆ: “ಇದು ಮಂತ್ರದ ಕಲಿ ಐತ್ರಿ. ನಮ್ಮ ಕಾಕಾ ಅಳಗ್ಯಾಡ್ಯಾರ.”

ಡಾಕ್ಟರು ನಕ್ಕು, ಎರಡೂ ಚಿತ್ರಗಳನ್ನು ಬಾಜುಬಾಜು ಇಟ್ಟರು. ಮೊದಲನೆಯದರಲ್ಲಿ ಎಲ್ಲವೂ ಅಲುಗಿ ಎರಡೆರಡಾಗಿತ್ತು. ಎರಡನೆಯದು ಸ್ಪಷ್ಟ. ಬೆಳ್ಳಗೆ ತುಂಬಿದ ಔಷಧಿಯ ನಡುವೆ ಜೋಳದ ಕಾಳಿನಷ್ಟು ಕಪ್ಪು, ಎರಡರಲ್ಲೂ ಅದೇ ಜಾಗ. ನನ್ನ ವಾದ ಅಲ್ಲೇ ಮುಗಿಯಿತು.

ಚಿಗವ್ವ ಕುರ್ಚಿ ಮುಂದಕ್ಕೆಳೆದಳು. “ತಗದ ಬಿಡ್ರಿ ಸಾಹೇಬ್ರ. ನನ್ನ ಹೊಟ್ಟ್ಯಾಗಿಂದು ಅವರದ ಐತಿ, ವಾಪಸ್ ಹಾಕ್ರಿ.”

“ಏ, ಕೊಟ್ಟದ್ದನ್ನ ತಿರುಗಿ ತಗೊಳ್ಳಾಕ ನಾ ಏನ್ ಸಣ್ಣ ಹುಡುಗೇನ?” ಕಾಕಾ ಗದರಿದರು.

“ಅವಸರ ಮಾಡಬ್ಯಾಡ್ರಿ,” ಎಂದರು ಡಾಕ್ಟರು. “ಈ ಸ್ಕ್ಯಾನ್ ಹೇಳಿದ್ದು ಬಹಳ ಸಲ ಖರೇನ ಇರ್ತದ. ಆದ್ರ ಹೆಪ್ಪುಗಟ್ಟಿದ ರಕ್ತನೂ ಹಿಂಗ ಕಾಣಬಹುದು. ಅಗದಿ ಚಪ್ಪಟಿ ಇದ್ದ ಕ್ಯಾನ್ಸರ್ ಗಡ್ಡಿ ಕಾಣದನೂ ಉಳೀಬಹುದು. ಇದು ಗಡ್ಡಿನ ಅಂದ್ರೂ ಎಷ್ಟು ಕೆಟ್ಟದು ಅಂತ ಇದರ ಮ್ಯಾಲಿಂದ ಖಾತ್ರಿ ಹೇಳಾಕ ಬರೂದಿಲ್ಲ. ಇರೂದ ಒಂದ ಕಿಡ್ನಿ. ಕ್ಯಾಮೆರಾ ಹಾಕಿ ಕಣ್ಣಿಲೆ ನೋಡಿ, ಚೂರು ತಗದು ಪರೀಕ್ಷಾ ಮಾಡೂಣು. ಆಮ್ಯಾಲ ಮಾತು.”

ಮೂತ್ರದ ದಾರಿಯಿಂದಲೇ ತೆಳು ಕೊಳವೆಯ ಕ್ಯಾಮೆರಾ ಏರಿಸಿ ನೋಡಿದರು. ಹೊರಬಂದ ಡಾಕ್ಟರ ಮೊದಲ ಮಾತಿಗೆ ನಾನು ಎದ್ದೇ ನಿಂತೆ. ಗಡ್ಡೆ ಹೌದು, ಸ್ಕ್ಯಾನ್ ಸುಳ್ಳಾಡಿರಲಿಲ್ಲ. ಆದರೆ ಅದು ಸಣ್ಣದು, ಅಣಬೆಯಂತೆ ದಂಟಿನ ಮೇಲೆ ನಿಂತದ್ದು. ಚೂರು ತೆಗೆದು, ಉಳಿದದ್ದನ್ನು ಲೇಸರಿನಿಂದ ಸುಟ್ಟಿದ್ದರು. ಆ ಚೂರಿನ ವರದಿ ಕೆಟ್ಟದಾಗಿದ್ದರೆ ಮಾತ್ರ ಕಿಡ್ನಿ ತೆಗೆಯುವ ಪ್ರಶ್ನೆ.

ವರದಿಗೆ ಕಾಯುವ ಆ ಒಂದು ವಾರ ನಾನು ಫೇಸ್‌ಬುಕ್ಕಿನಲ್ಲಿ ಒಂದಕ್ಷರ ಬರೆಯಲಿಲ್ಲ. ನನ್ನನ್ನು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು.

ವರದಿ ಕೇಳಲು ಮೂವರೂ ಹೋದೆವು. ಡಾಕ್ಟರು ಕಾಗದ ತಿರುವಿ, “ಕ್ಯಾನ್ಸರ್ ಹೌದು, ಸೌಮ್ಯ ಜಾತಿದು. ಕಿಡ್ನಿ ತಗಿಯೂದು ಬ್ಯಾಡ,” ಅಂದರು. ನಾನು ಕೂಗಿದ ಕೂಗಿಗೆ ಹೊರಗೆ ಕೂತವರು ಬಾಗಿಲು ತೆಗೆದು ಇಣುಕಿದರು! ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ. ಕಾಕಾ ಈ ಸಲ ಮಂತ್ರ ಬಿಟ್ಟು ಡಾಕ್ಟರ ಕೈ ಹಿಡಿದುಕೊಂಡರು.

“ಆದ್ರ ಇದು ಮತ್ತ ಬರೂ ಜಡ್ಡು,” ಎಂದರು ಡಾಕ್ಟರು. “ಮೂರು ತಿಂಗಳಿಗೆ ಕ್ಯಾಮೆರಾ. ನಡುನಡುವ ಸ್ಕ್ಯಾನೂ ಬೇಕಾಗ್ತದ. ತಪ್ಪಿಸಬ್ಯಾಡ್ರಿ.”

ಹಿಂದಿರುಗುವ ಕಲಘಟಗಿ ಬಸ್ಸಿನಲ್ಲಿ ಚಿಗವ್ವ ನನ್ನ ಮೊಬೈಲಿನಲ್ಲಿ ಸೆಕೆಂಡ್ ಎಣಿಸುವ ಗಡಿಯಾರ ತೆರೆಸಿ ಕಸಿದುಕೊಂಡಳು. “ಮುಂದಿನ ಸ್ಕ್ಯಾನಿಗೆ ಈಗಿಂದ ರೂಢಿ ಮಾಡ್ರಿ. ಹಿಡೀರಿ ಉಸರು!”

ಕಾಕಾ ಗಲ್ಲ ಉಬ್ಬಿಸಿ ಕೂತರು. ಅಷ್ಟರಲ್ಲಿ ಕಂಡಕ್ಟರ್ ಬಂದ. “ಎಲ್ಲಿಗ್ರಿ ಯಜಮಾನ್ರ?”

ಕಾಕಾ ಉಬ್ಬಿದ ಗಲ್ಲದಲ್ಲೇ ಒಂದು ಬೆರಳು ಎತ್ತಿ, ರಸ್ತೆಯ ಮುಂದಕ್ಕೆ ತೋರಿಸಿದರು.

“ಮೂಕ ಅದಾರೇನ್ರಿ?”

“ಇಲ್ಲಪಾ, ಕಿಡ್ನಿ ಕಾಯಾಕತ್ಯಾರ,” ಅಂದಳು ಚಿಗವ್ವ, ಮೊಬೈಲಿನಿಂದ ಕಣ್ಣು ತೆಗೆಯದೆ. “ಇನ್ನೂ ಐದು ಎಣಸ್ತೀನಿ, ತಡೀ.”