ತಿದ್ದುಪಡಿ ಮೇಷ್ಟ್ರು ಸುಮ್ಮನಿದ್ದ ಸಂಜೆ

ಬೀದಿಯವರೆಲ್ಲ ಅವರನ್ನು ತಿದ್ದುಪಡಿ ಮೇಷ್ಟ್ರು ಎನ್ನುತ್ತಿದ್ದರು, ಬೆನ್ನ ಹಿಂದೆ ಮಾತ್ರ. ಮನೆಯ ಮುಂದಿನ ಕೋಣೆಯಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳಿಯೇ ತಲೆ ನರೆಸಿಕೊಂಡವರು. ಜನ ಅದಲುಬದಲು ಮಾಡುವ ಗುಣವಾಚಕಗಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ವಿವೇಕ ಇದ್ದವನು ಸೆನ್ಸಿಬಲ್, ಸಣ್ಣ ಮಾತಿಗೂ ನೊಂದುಕೊಳ್ಳುವವನು ಸೆನ್ಸಿಟಿವ್. ಬೇಸರ ಬಂದವನು ಬೋರ್‌ಡ್, ಬೇಸರ ಬರಿಸುವವನು ಬೋರಿಂಗ್. ಕತ್ತರಿ ಕಿವಿಯ ಪಕ್ಕದಲ್ಲಿದ್ದಾಗಲೂ ಕಟಿಂಗ್ ಅಂಗಡಿಯವನನ್ನು ತಿದ್ದಿದ ಮಹಾನುಭಾವರು!

ಮಗಳನ್ನೂ ಬಿಡಲಿಲ್ಲ, ಅಲ್ಲೇ ಎಡವಟ್ಟಾಯಿತು. ನರ್ಸಿಂಗ್ ಹಾಸ್ಟೆಲ್ ಸೇರಿದ ಹೊಸದರಲ್ಲಿ ಅವಳು ಫೋನ್ ಮಾಡಿ, "ಅಪ್ಪಾ, ನಾನಿಲ್ಲಿ ತುಂಬಾ ಬೋರಿಂಗ್ ಆಗಿದೀನಿ" ಎಂದಳು. "ಬೋರ್‌ಡ್ ಅನ್ನು" ಎಂದು ಶುರುಹಚ್ಚಿಕೊಂಡ ಮೇಷ್ಟ್ರು ಉದಾಹರಣೆ ಮುಗಿಸುವಷ್ಟರಲ್ಲಿ ಫೋನ್ ಕಟ್ಟಾಗಿತ್ತು. ಅಂದಿನಿಂದ ಅವಳ ಮಾತೆಲ್ಲ ತಾಯಿಯ ಜೊತೆ. ಅಪ್ಪ ಎತ್ತಿದರೆ "ಅಮ್ಮನಿಗೆ ಕೊಡಿ", ಅಷ್ಟೇ.

ಭಾನುವಾರ ಸಂಜೆ, ಮಗಳ ಫೋನ್ ಬರುವ ಹೊತ್ತಿಗೆ, ಹೆಂಡತಿ ಫೋನನ್ನು ಅವರ ಮುಂದೆಯೇ ಇಟ್ಟರು.

"ಇವತ್ತು ನೀವೇ ಮಾತಾಡಿ, ನಾನಿಲ್ಲ ಅನ್ನಿ. ಮಗು ಧ್ವನಿ ಯಾಕೋ ಸರಿಯಿಲ್ಲ, ನನ್ನ ಹತ್ರಾನೂ ಬಾಯಿ ಬಿಡ್ತಿಲ್ಲ. ತಿದ್ದೋಕೆ ಹೋದ್ರೋ, ನನ್ನ ಸುದ್ದಿಗೆ ಬರಬೇಡಿ."

ಮೇಷ್ಟ್ರಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿ ತೆರೆದರು, ಮುಚ್ಚಿದರು. ಒರೆಸಿದ್ದ ಕರಿಹಲಗೆಯನ್ನೇ ಮತ್ತೆ ಒರೆಸಿದರು. ಫೋನಿನಲ್ಲಿ ಚಾರ್ಜ್ ಇದೆಯೇ ಎಂದು ನೋಡಿದವರು, ಎರಡು ಹೆಜ್ಜೆ ಹೋಗಿ ಬಂದು ಮತ್ತೆ ನೋಡಿದರು. ಈ ಸಲವೂ ಅವಳು "ಅಮ್ಮನಿಗೆ ಕೊಡಿ" ಅಂದುಬಿಟ್ಟರೆ ಏನು ಮಾಡುವುದು?

ಫೋನ್ ಬಂತು. "ಅಮ್ಮ ಇಲ್ವಾ?"

"ಹೊರಗೆ ಹೋಗಿದಾಳೆ," ಎಂದರು, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡುತ್ತಲೇ. "ಏನು ಸಮಾಚಾರ, ಪುಟ್ಟಿ?"

"ನನ್ನ ರೂಮಿನವಳೊಬ್ಬಳಿದಾಳೆ. ತುಂಬಾ ಸೆನ್ಸಿಬಲ್. ಯಾರು ಏನಂದ್ರೂ ಬಾತ್‌ರೂಮಿಗೆ ಹೋಗಿ ಅಳ್ತಾಳೆ."

ಸರಿಯಾದ ಪದ ಮೇಷ್ಟ್ರ ನಾಲಿಗೆಯ ತುದಿಗೇ ಬಂದು ಕೂತಿತು. ಮೇಜಿನ ಅಂಚು ಹಿಡಿದುಕೊಂಡು ಹೇಗೋ ನುಂಗಿಕೊಂಡರು.

"ಅಯ್ಯೋ ಪಾಪ. ಯಾಕಂತೆ?"



"ಅಪ್ಪಾ, ಹುಷಾರಾಗಿದೀರಾ?"

"ಹುಷಾರಾಗಿದೀನಲ್ಲ."

"ತಪ್ಪು ಹೇಳಿದೆ. ನೀವು ತಿದ್ದಲೇ ಇಲ್ಲ."

"ತಿದ್ದೋದೇನು ಓಡಿಹೋಗುತ್ತಾ? ಆ ಹುಡುಗಿ ಯಾಕೆ ಅಳ್ತಾಳೆ, ಅದನ್ನ ಹೇಳು."

ಮೂಗು ಎಳೆದುಕೊಂಡ ಸದ್ದು ಕೇಳಿಸಿತು. "ಅವಳಲ್ಲ ಅಪ್ಪಾ. ಅಳೋದು ನಾನೇ."

ಮೇಷ್ಟ್ರು ದಿಕ್ಕು ತೋಚದೆ ಹೆಂಡತಿಯ ಕಡೆ ನೋಡಿದರು.

"ಅಮ್ಮ ಬಂದ್ಲು ಕಣೇ. ಕೊಡ್ಲಾ?"

"ಬೇಡ," ಎಂದಳು ಮಗಳು. "ನೀವೇ ಇರಿ."