ಛತ್ರದ ಕೊಂಡಿ, ಹೊಸ ಮನೆಯ ತೊಲೆ

ನಮ್ಮ ಮದುವೆಯ ದಿನ ನಮ್ಮೆಜಮಾನರು ನನ್ನ ಜೊತೆ ಉಯ್ಯಾಲೆಯ ಮೇಲೆ ಕೂರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಮಾಡಿದ ರಂಪಕ್ಕೆ ಅರ್ಥವೇ ಇರುವುದಿಲ್ಲ.

ಮೈಸೂರಿನ ಒಂದು ಹಳೇ ಛತ್ರ. ಧಾರೆಗೆ ಮುಂಚೆ ಉಯ್ಯಾಲೆ ಶಾಸ್ತ್ರ. ಹೆಂಗಸರು ಹಾಡಲು ಗಂಟಲು ಸರಿಮಾಡಿಕೊಂಡಿದ್ದರು, ನನ್ನ ಸೋದರತ್ತೆ ಹಾಲುಬಾಳೆಹಣ್ಣಿನ ಬಟ್ಟಲು ಹಿಡಿದು ನಿಂತಿದ್ದರು, ನಾನು ಕೂತೂ ಆಗಿತ್ತು. ಆಗಷ್ಟೇ ಇಂಜಿನಿಯರ್ ಆಗಿದ್ದ ವರ ಮಹಾಶಯರು ಕೂರುವ ಮುಂಚೆ ತಲೆ ಎತ್ತಿ ಚಾವಣಿ ನೋಡಿದರು. "ಕೊಂಡಿ ತುಕ್ಕು ಹಿಡಿದಿದೆ. ಇಬ್ಬರ ಭಾರ ತಡೆಯಲ್ಲ" ಅಂದರು. ಅಷ್ಟೇ. ಯಾರು ಎಷ್ಟು ಹೇಳಿದರೂ ಜಪ್ಪಯ್ಯ ಅನ್ನಲಿಲ್ಲ. ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಅವಸರ ಮಾಡಿದರು, ಶಾಸ್ತ್ರ ಅಲ್ಲಿಗೇ ನಿಂತಿತು. ಉಯ್ಯಾಲೆಯ ಮೇಲೆ ನಾನೊಬ್ಬಳೇ ಕೂತಿರುವ ಫೋಟೋ ಈಗಲೂ ಆಲ್ಬಮ್ಮಿನಲ್ಲಿದೆ. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಖಾಲಿ.

ಮೂವತ್ತೆಂಟು ವರ್ಷ ಆ ಫೋಟೋ ತೋರಿಸಿ ತೋರಿಸಿ ಅವರ ಜೀವ ತಿಂದಿದ್ದೇನೆ. ಟೆಕ್ಸಸ್‌ಗೆ ಬಂದು ಮನೆ ಬದಲಾಯಿಸಿದಾಗಲೆಲ್ಲ "ಇಲ್ಲಾದರೂ ಒಂದು ಉಯ್ಯಾಲೆ ಹಾಕೋಣ ರೀ" ಅಂದಿದ್ದೇನೆ. ಅವರು ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಹಾಕಿ "ಈ ಚಾವಣಿಗೆ ಆಗಲ್ಲ ಕಣೇ" ಅಂದಿದ್ದಾರೆ. ಅವರ ಕೆಲಸವೂ ಅದೇ ಆಗಿತ್ತಲ್ಲ! ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸಿನಲ್ಲಿ ಕೂತು ಬೇರೆಯವರ ನಕ್ಷೆ ನೋಡುವುದು, ಇದು ತಡೆಯಲ್ಲ, ಅದು ನಿಲ್ಲಲ್ಲ ಎಂದು ಕೆಂಪು ಗೆರೆ ಎಳೆಯುವುದು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವಳು. ಮನೆಗೆ ಬಂದರೆ ಅಲ್ಲೂ ರಿಪೋರ್ಟು.

ಇಬ್ಬರೂ ರಿಟೈರ್ ಆದೆವು. ನನ್ನ ಮಂಡಿಗಳು ಮೆಟ್ಟಿಲು ಕಂಡರೆ ಅಳುತ್ತಿದ್ದವು. ಕ್ಯಾರಲ್ಟನ್ನಿನ ಎರಡಂತಸ್ತಿನ ಮನೆ ಮಾರಿ, ಅಲ್ಲೇ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಕೂತು, ಅರ್ಧ ಗಂಟೆ ಉತ್ತರಕ್ಕೆ ಒಂದೇ ಅಂತಸ್ತಿನ ಹೊಸ ಮನೆ ಕಟ್ಟಿಸುವುದೆಂದಾಯಿತು. ಸಹಿ ಹಾಕುವ ಮುಂಚೆ ನಾನು ಪೆನ್ನು ಕೆಳಗಿಟ್ಟೆ. "ಹಾಲಿನಲ್ಲಿ ಉಯ್ಯಾಲೆ. ಇಲ್ಲದಿದ್ದರೆ ನನ್ನ ಸಹಿ ಇಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹೊಸ ಮನೆ ಅಲ್ವಾ, ಚಾವಣಿಯೊಳಗೆ ಮೊದಲೇ ಒಂದು ದಪ್ಪ ಬೀಮ್ ಹಾಕಿಸಿದರೆ ಆಗುತ್ತೆ" ಅಂದರು.

ಆಗುತ್ತೆ! ಆ ಬಾಯಿಂದ! ಸಂಜೆ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ಮಂಡಿ ಇರುವುದು ಆಮೇಲೆ ನೆನಪಾಯಿತು.

ಹ್ಯೂಸ್ಟನ್ನಿನ ಮಗಳ ಮನೆಗೆ ಹೋದಾಗ ಅಲ್ಲೇ ಪಕ್ಕದ ಸ್ಟಾಫರ್ಡಿನ ಅಂಗಡಿಯೊಂದರಲ್ಲಿ ಉಯ್ಯಾಲೆ ಸಿಕ್ಕಿತು. ತೇಗದ ಹಲಗೆ, ಹಿತ್ತಾಳೆ ಸರಪಳಿ, ಸರಪಳಿಯ ನಡುನಡುವೆ ಪುಟ್ಟ ಪುಟ್ಟ ನವಿಲುಗಳು. ಜಮಖಾನದಲ್ಲಿ ಸುತ್ತಿ ಕಾರಿನ ಹಿಂದೆ ಮಲಗಿಸಿಕೊಂಡು ಬಂದೆವು. ಬಾಡಿಗೆ ಮನೆಯಲ್ಲಿ ಅದಕ್ಕೆ ಸೋಫಾದ ಮುಂದೆ ನೆಲದ ಮೇಲೇ ಜಾಗ. ದಿನಕ್ಕೊಂದು ಸಲ ಅವರ ಕಾಲ್ಬೆರಳು ಅದಕ್ಕೆ ತಗಲುತ್ತಿತ್ತು, ದಿನಕ್ಕೊಂದು ಸಲ ನಾನು ಮೊದಲು ಹಲಗೆಗೆ ಏನಾಯಿತೆಂದು ನೋಡುತ್ತಿದ್ದೆ.

ಆಮೇಲೆ ಮಳೆ ಹಿಡಿಯಿತು ನೋಡಿ. ಅಂಥ ಚಳಿಗಾಲವನ್ನು ನಾವು ಇಲ್ಲಿ ಕಂಡಿರಲಿಲ್ಲ. ಅಡಿಪಾಯಕ್ಕೆ ಕಾಂಕ್ರೀಟ್ ಹಾಕುವ ದಿನ ಮಳೆ, ಮುಂದೂಡಿದ ದಿನವೂ ಮಳೆ. ಸೈಟಿನ ಕಪ್ಪು ಮಣ್ಣು ಬೂಟಿಗೆ ಮೆತ್ತಿಕೊಂಡು ಕಾಲು ಎತ್ತಿದರೆ ಬೂಟು ಅಲ್ಲೇ, ಕಾಲು ಮಾತ್ರ ಮೇಲೆ. ಒಮ್ಮೆ ಜೊತೆಗೆ ಬಂದಿದ್ದ ಧಾರವಾಡದ ಗೆಳತಿ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿ "ಅಯ್ಯ, ಇದು ನಮ್ಮ ಕಡೆ ಎರಿ ಮಣ್ಣ ಐತಲ್ರಿ! ಇಷ್ಟ್ ದೂರ ಬಂದ್ರೂ ಬಿಡ್ಲಿಲ್ಲ ನೋಡ್ರಿ" ಎಂದು ನಕ್ಕಿದ್ದರು. ಆದರೂ ನನಗೆ ಬೇಸರವೇ ಬರಲಿಲ್ಲ. ಪ್ರತಿ ಶನಿವಾರ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೊರಡುವುದೇ. ಒಂದು ವಾರ ಕಾಂಕ್ರೀಟು, ಇನ್ನೊಂದು ವಾರ ಮರದ ಕಂಬಗಳು, ಅದರ ಮುಂದಿನ ವಾರ ಸೂರು! ಗೋಡೆಗಳಿಲ್ಲದ ಆ ಮನೆಯಲ್ಲಿ ಮಲಗುವ ಕೋಣೆಯಿಂದ ಅಡುಗೆಮನೆಗೆ ಕಂಬಗಳ ನಡುವೆಯೇ ನುಸುಳಿ ಹೋಗುತ್ತಿದ್ದೆ. ಹಾಲಿನ ನಡುವೆ ನಿಂತು ಎರಡೂ ಕೈ ಚಾಚಿ ಉಯ್ಯಾಲೆಯ ಅಳತೆ ನೋಡುತ್ತಿದ್ದೆ.

ಸೂರು ಬಂದ ಮೇಲೆ ಬೀಮ್ ಬಂತು. ನಾನು ಅದನ್ನು ತೊಲೆ ಎಂದೇ ಕರೆಯುತ್ತಿದ್ದೆ. ಅವರು ಜೇಬಿನಿಂದ ಮರದ ತೇವ ಅಳೆಯುವ ಪುಟ್ಟ ಮೀಟರ್ ತೆಗೆದು ಚುಚ್ಚಿದರು. "ಮಳೆಯಲ್ಲಿ ನೆಂದಿದೆ. ಇದು ಬೇಡ, ಬೇರೆ ಕಳಿಸಿ" ಅಂದರು. ಸೂಪರ್‌ವೈಸರ್, ನಮ್ಮ ವಯಸ್ಸಿನ ಸಮಾಧಾನಿ ಮನುಷ್ಯ, ಒಣಗುತ್ತೆ ಸರ್ ಎಂದು ಎರಡು ಸಲ ಹೇಳಿದ. ಇವರು ತಲೆ ಅಲ್ಲಾಡಿಸಿದರು. ನನಗೆ ಛತ್ರವೇ ಕಣ್ಣ ಮುಂದೆ ಬಂತು. ಬೇರೆ ತೊಲೆ ಒಂದು ವಾರ ಬಿಟ್ಟು ಸೋಮವಾರ ಬರುವುದೆಂದು ಮಾತಾಯಿತು.

ಆದರೆ ಅದಕ್ಕೆ ಮುಂಚಿನ ಗುರುವಾರ ಬೆಳಿಗ್ಗೆ ಸೂಪರ್‌ವೈಸರನ ಮೆಸೇಜ್ ಬಂತು. ಚಾವಣಿಗೂ ಗೋಡೆಗೂ ಬಿಳಿ ಹಲಗೆ ಹೊಡೆಯುವ ಡ್ರೈವಾಲ್ ತಂಡಕ್ಕೆ ಇನ್ನೊಂದು ಕಡೆ ಕೆಲಸ ರದ್ದಾಗಿದೆಯಂತೆ, ಇವತ್ತೇ ನಮ್ಮ ಮನೆಗೆ ಬಂದಿದ್ದಾರಂತೆ, ಶುಭ ಸುದ್ದಿಯಂತೆ! ಚಾವಣಿ ಮುಚ್ಚಿದ ಮೇಲೆ ತೊಲೆ ಎಲ್ಲಿಂದ ಹಾಕುವುದು? ಹೊಸ ಚಾವಣಿ ಒಡೆಸುವ ಮನುಷ್ಯರಾ ಇವರು? ಇವತ್ತು ಮುಚ್ಚಿತು ಅಂದರೆ ಈ ಜನ್ಮದಲ್ಲಿ ಉಯ್ಯಾಲೆ ಇಲ್ಲ.

"ಏಳ್ರೀ! ಹೊರಡಿ!" ಎಂದೆ. ಆ ಗಡಿಬಿಡಿಯಲ್ಲೂ ಉಯ್ಯಾಲೆಯನ್ನು ಇಬ್ಬರೂ ಹಿಡಿದು ಕಾರಿಗೆ ತುಂಬಿದೆವು. ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ. ವೈಪರ್ ಪಟಪಟ ಹೊಡೆಯುತ್ತಿತ್ತು, ದಾರಿಯುದ್ದಕ್ಕೂ ನಾನು ಬೈಯುತ್ತಿದ್ದೆ. "ಅಲ್ಲೂ ಹಾಗೇ ಮಾಡಿದ್ರಿ, ಇಲ್ಲೂ ಹಾಗೇ! ಒಂದು ಸಲವಾದರೂ ಮೇಲೆ ನೋಡದೆ ಕೂರೋಕಾಗಲ್ವಾ ನಿಮಗೆ?" ಅವರು ರಸ್ತೆ ನೋಡುತ್ತ ಡ್ರೈವ್ ಮಾಡಿದರು.

ಒಳಗೆ ಹೋದರೆ ಮಲಗುವ ಕೋಣೆಯ ಚಾವಣಿ ಆಗಲೇ ಮುಚ್ಚಿತ್ತು. ನಾಲ್ಕು ಜನ ಹಾಲಿನ ಮೊದಲ ಹಲಗೆ ಎತ್ತುತ್ತಿದ್ದರು. ನಾನು ವಾಪಸ್ ಹೋಗಿ ಕಾರಿನಿಂದ ಮಡಚುವ ಕುರ್ಚಿ ತಂದೆ, ಹಾಲಿನ ನಟ್ಟನಡುವೆ, ಉಯ್ಯಾಲೆ ಬರಬೇಕಾದ ಜಾಗದಲ್ಲಿ ಬಿಡಿಸಿ ಕೂತುಬಿಟ್ಟೆ.

"ಮ್ಯಾಮ್, ತಲೆ ಮೇಲೆ ಬೀಳುತ್ತೆ, ಸ್ವಲ್ಪ ಏಳ್ತೀರಾ?"

"ತೊಲೆ ಬರೋವರೆಗೂ ಏಳಲ್ಲ."

ಸೂಪರ್‌ವೈಸರ್ ಓಡಿ ಬಂದ. ನೀವೇ ಬೇಡ ಅಂದಿರಲ್ಲ, ಬೇರೆ ಬೀಮ್ ಬರುವ ವಿಷಯ ಮರೆತೇಹೋಯಿತು ಎಂದ. ಇವತ್ತು ಈ ತಂಡ ಹೋದರೆ ಮತ್ತೆ ಮೂರು ವಾರ ಸಿಗುವುದಿಲ್ಲ ಎಂದೂ ಹೇಳಿದ. ಅದೇ ಹೊತ್ತಿಗೆ ಮಗಳ ಫೋನು. ವಿಷಯ ಕೇಳಿ "ಅಮ್ಮಾ, ಪ್ಲೀಸ್, ಡೋಂಟ್ ಗೆಟ್ ಅರೆಸ್ಟೆಡ್" ಎಂದಳು. ಅರೆಸ್ಟ್ ಮಾಡಲಿ, ಕುರ್ಚಿ ಸಮೇತ ಎತ್ತಿಕೊಂಡು ಹೋಗಲಿ ಎಂದು ಫೋನಿಟ್ಟೆ.

ನಮ್ಮೆಜಮಾನರು ಬಾಗಿಲಲ್ಲೇ ನಿಂತಿದ್ದರು. ನಾಲ್ಕು ಜನರ ಮುಂದೆ ಗಲಾಟೆ ಎಂದರೆ ಅವರಿಗೆ ಆಗುವುದಿಲ್ಲ. ಈಗ ಬಂದು "ಏಳೇ, ಮಾನ ಹೋಗುತ್ತೆ" ಅನ್ನುತ್ತಾರೆ ಎಂದು ಕಾದೆ. ಅವರು ತಿರುಗಿ ಮಳೆಯಲ್ಲಿ ಹೊರಟೇಹೋದರು. ನನಗೆ ಅಳು ಬಂತು. ನಿಜ ಹೇಳುತ್ತೇನೆ, ಅಷ್ಟು ಜನರ ಮುಂದೆ ಕಣ್ಣು ತುಂಬಿತು.

ಒಂದು ನಿಮಿಷಕ್ಕೆ ಅವರು ವಾಪಸ್ ಬಂದರು. ಕೈಯಲ್ಲಿ ಇನ್ನೊಂದು ಮಡಚುವ ಕುರ್ಚಿ. ನನ್ನ ಪಕ್ಕ ಬಿಡಿಸಿ, ಒದ್ದೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ಆಮೇಲೆ ಸೂಪರ್‌ವೈಸರನನ್ನು ಕೇಳಿದರು: "ನಾನು ಬೇಡ ಅಂದ ಬೀಮ್ ಎಲ್ಲಿದೆ?"

ಅದು ಎಲ್ಲೂ ಹೋಗಿರಲಿಲ್ಲ! ವಾಪಸ್ ಒಯ್ಯುವ ಲಾರಿ ಕೆಸರಿನಿಂದಾಗಿ ಒಳಗೆ ಬರಲಾಗದೆ ಪಕ್ಕದ ಅರ್ಧ ಕಟ್ಟಿದ ಮನೆಯ ಗರಾಜಿನಲ್ಲೇ ಮಲಗಿತ್ತು. ಅವರು ಎದ್ದು ಹೋಗಿ ಮೀಟರ್ ಚುಚ್ಚಿದರು. ನಾನು ಕುರ್ಚಿ ಬಿಟ್ಟು ಹಿಂದೆಯೇ ಓಡಿದೆ.

"ಎಷ್ಟಿದೆ?"

"ಇರಬೇಕಾದ್ದಕ್ಕಿಂತ ತೇವ ಇನ್ನೂ ಎರಡು ಪರ್ಸೆಂಟ್ ಜಾಸ್ತಿ."

"ಭಾರ ತಡೆಯುತ್ತಾ ಇಲ್ವಾ, ಅಷ್ಟು ಹೇಳಿ."

"ತಡೆಯುತ್ತೆ. ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಗಟ್ಟಿ ಇರೋದನ್ನೇ ಆರಿಸಿದ್ದೆ."

"ಮತ್ತೆ?"

ಅವರು ಮೀಟರನ್ನೇ ನೋಡಿದರು. "ಮತ್ತೇನೂ ಇಲ್ಲ ಕಣೇ" ಎಂದು ಅದನ್ನು ಜೇಬಿಗೆ ಹಾಕಿಕೊಂಡರು.

ಆ ಪಕ್ಕದ ಮನೆ ಕಟ್ಟುತ್ತಿದ್ದ ಬಡಗಿಗಳು ಐದು ಜನ ಸೇರಿ ತೊಲೆಯನ್ನು ಹೊತ್ತು ಕೆಸರು ದಾಟಿ ತಂದರು. ಡ್ರೈವಾಲ್ ತಂಡ ಅಷ್ಟರಲ್ಲಿ ಅಡುಗೆಮನೆ ಕಡೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ತೊಲೆ ಮೇಲೇರಿ ಕೂತಿತು. ಕೊಂಡಿಗಳಿಗೆ ಸೋಮವಾರದವರೆಗೆ ಕಾಯಬೇಕೇನೋ ಅಂದುಕೊಂಡರೆ ಇವರು ಕಾರಿನ ಡ್ಯಾಶ್‌ಬೋರ್ಡಿನಿಂದ ಒಂದು ಪೊಟ್ಟಣ ತೆಗೆದರು. ನಾಲ್ಕು ಸ್ಟೀಲ್ ಕೊಂಡಿ, ಫಳಫಳ. ಅಡಿಪಾಯ ಹಾಕುವ ಮುಂಚೆಯೇ ತಂದಿಟ್ಟಿದ್ದರಂತೆ, ನನಗೆ ಒಂದು ಮಾತೂ ಹೇಳದೆ!

"ಈಗಲೇ ಕಟ್ಟಿ ನೋಡೋಣ್ವಾ?" ಎಂದವರು ಅವರೇ.

ಹಲಗೆ ತಂದು ಸರಪಳಿ ಹಾಕಿದ್ದಾಯಿತು. ಸೂರಿನ ಮೇಲೆ ಮಳೆ ಸುರಿಯುತ್ತಿತ್ತು. ಬಡಗಿಗಳು ಕಂಬಗಳಿಗೆ ಒರಗಿ ನಿಂತರು, ಡ್ರೈವಾಲಿನವರೂ ಕೆಲಸ ನಿಲ್ಲಿಸಿ ಇಣುಕಿದರು. ನನ್ನದು ಮದುವೆಯ ಸೀರೆಯಲ್ಲ, ಮಣ್ಣು ಮೆತ್ತಿದ ಬೂಟು, ಮಗಳ ಹಳೇ ಜಾಕೆಟ್ಟು. ಮೊದಲು ನಾನೇ ಕೂರಬೇಕು, ಅವರು ಎಲ್ಲ ಪರೀಕ್ಷಿಸಿ ಆಮೇಲೆ ಬರುತ್ತಾರೆ ಎಂದು ಮುಂದೆ ಹೆಜ್ಜೆ ಇಟ್ಟೆ.

ಅಷ್ಟರಲ್ಲಿ ಅವರೇ ಹೋಗಿ ಕೂತುಬಿಟ್ಟಿದ್ದರು. ತಲೆ ಎತ್ತಲಿಲ್ಲ, ಕೊಂಡಿಯನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತ ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ತಟ್ಟಿದರು.

ಏನು ಹೇಳಲಿ! ನನ್ನ ಕಾಲು ಅಲ್ಲೇ ನಿಂತಿತು. ಕತ್ತು ತಾನಾಗಿ ಮೇಲೆ ಹೋಯಿತು.

"ರೀ, ಕೊಂಡಿ ಗಟ್ಟಿ ಇದೆ ತಾನೆ?" ಎಂದೆ.

"ಮೇಲೆ ನೋಡಬೇಡ" ಎಂದರು. "ಬಾರೇ, ಕೂತ್ಕೋ."