ಅವ್ವನ ನೀಲಿ ಟಬ್ಬಿಗೆ ನಾನಿಳಿಸಿದ ಕೂಲಂಟ್

ಗೆಳೆಯರೇ, ಇವತ್ತು ನನ್ನಿಂದ ಒಂದು ಆಡಿನ ಮರಿ ಸತ್ತಿತು.

ನಾಡಿದ್ದು ರೇಸ್ ಟ್ರ್ಯಾಕ್‌ನಲ್ಲಿ ಬೈಕ್ ಓಡಿಸುವುದಿದೆ. ಎಂಜಿನ್ ತಂಪಾಗಿಡುವ ಕೂಲಂಟ್ ದ್ರವ ಸೋರಿದರೆ ಹಿಂದೆ ಬರುವವರು ಜಾರಿ ಬೀಳುತ್ತಾರೆ. ಅದನ್ನು ತೆಗೆದು ಡಿಸ್ಟಿಲ್ಡ್ ವಾಟರ್ ತುಂಬಿಕೊಂಡೇ ಬರಬೇಕೆಂಬುದು ಅಲ್ಲಿಯ ನಿಯಮ. ಬೆಳಿಗ್ಗೆ ತೊರವಿಯ ನಮ್ಮ ಮನೆ ಮುಂದೆ ಕೂತು ಕೂಲಂಟ್ ಇಳಿಸಿದೆ. ಕೈಗೆ ಸಿಕ್ಕಿದ್ದು ನೀಲಿ ಟಬ್ಬು. ಓಣಿಯ ದನ, ಆಡುಗಳಿಗೆಂದು ಅವ್ವ ದಿನಾ ಗೇಟಿನ ಹತ್ತಿರ ನೀರು ತುಂಬಿಸಿಡುವ ಟಬ್ಬು ಅದು. ಡಿಸ್ಟಿಲ್ಡ್ ವಾಟರ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಪಕ್ಕದ ಮನೆಯ ಶಾಂತಾ ಕಾಕುವಿನ ಮರಿ ಅದರಲ್ಲಿ ಅರ್ಧ ಕುಡಿದಿತ್ತು.

ಪಶುವೈದ್ಯರು ಬಂದು ನೋಡಿದರು. “ಇದು ಸಿಹಿ ಇರತೈತ್ರಿ, ಅದಕ್ಕ ಕುಡದೈತಿ. ವಿಷ ಐತ್ರಿ. ಉಳಿಯೂದು ಕಷ್ಟ” ಎಂದರು. ಸಂಜೆ ಹೊತ್ತಿಗೆ ಮರಿ ಪ್ರಾಣ ಬಿಟ್ಟಿತು.

ಕಾಕು ಬೈಯಲಿಲ್ಲ. “ನಿಮ್ಮ ಟಬ್ಬ ಕಂಡ್ರ ಸಾಕು, ಓಡಿ ಬರತಿತ್ತಲ್ಲೋ ಯಪ್ಪಾ” ಎಂದಷ್ಟೇ ಹೇಳಿ ಮರಿಯನ್ನು ಎತ್ತಿಕೊಂಡು ಹೋದರು. ಅವ್ವ ಟಬ್ಬನ್ನು ತಿಪ್ಪೆಗೆ ಎಸೆದು ಬಂದು, “ನಿನ್ನ ಗಾಡಿಗೇನೂ ಆಗಿಲ್ಲಲ್ಲ?” ಎಂದು ಕೇಳಿದಳು.

ಆಗಿಲ್ಲ. ನಾಡಿದ್ದು ಟ್ರ್ಯಾಕ್‌ನವರು ಪರೀಕ್ಷಿಸಿ, ಈ ಗಾಡಿಯಿಂದ ಯಾರಿಗೂ ಅಪಾಯವಿಲ್ಲವೆಂದು ಚೀಟಿ ಅಂಟಿಸುತ್ತಾರೆ.